ಎಂ.ಆರ್.ಐ. ಚಿತ್ರದಲ್ಲಿ ಕಾಣುವ ಬಿಳಿಯ ಮಚ್ಚೆಗಳು

ಮಿದುಳಿನ ಎಂ.ಆರ್.ಐ. ವರದಿ ಕೈಸೇರಿದೊಡನೆ ಅನೇಕರು ಮೊದಲು ಮಚ್ಚೆಗಳನ್ನು ಎಣಿಸುತ್ತಾರೆ. ಹತ್ತೆಂದಿದ್ದರೆ ಎದೆಗುಂದುತ್ತಾರೆ, ಎರಡೆಂದಿದ್ದರೆ ನಿಶ್ಚಿಂತರಾಗಿ ಔಷಧವನ್ನೇ ಮರೆಯುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಎರಡೂ ತಪ್ಪು.

ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಕವಚವಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ರಕ್ತನಾಳದ ಗೋಡೆಯನ್ನು ದಾಟಿ, ಮಿದುಳು ಹಾಗೂ ಬೆನ್ನುಹುರಿಯೊಳಗೆ ನುಗ್ಗಿ ಈ ಕವಚವನ್ನು ಕೆಡಿಸುತ್ತವೆ. ಇದೇ ಉರಿಯೂತ. ಅದು ಶಮನವಾದ ಮೇಲೆ ಗಟ್ಟಿಯಾದ ಕಲೆ ಉಳಿಯುತ್ತದೆ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೊ ಈ ರೋಗವನ್ನು ವಿವರಿಸಿದಾಗ ಇಂತಹ ಕಲೆಗಳನ್ನು ಮರಣಾನಂತರವಷ್ಟೇ ನೋಡಲು ಸಾಧ್ಯವಿತ್ತು. ಬದುಕಿರುವವರಲ್ಲಿ ಎಂ.ಆರ್.ಐ. ಅವನ್ನು ಸ್ಪಷ್ಟವಾಗಿ ತೋರಿಸತೊಡಗಿದ್ದು 1981ರಿಂದೀಚೆಗೆ.

ಸಾಮಾನ್ಯ ಚಿತ್ರದಲ್ಲಿ ಹಳೆಯ ಕಲೆಯೂ ಹೊಸ ಉರಿಯೂತವೂ ಒಂದೇ ಬಗೆಯಾಗಿ ಬೆಳ್ಳಗೆ ಕಾಣುತ್ತವೆ. ಬೂದಿಯೋ ಕೆಂಡವೋ ತಿಳಿಯದು. ಆದುದರಿಂದ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ದ್ರವ್ಯವನ್ನು ಚುಚ್ಚುತ್ತಾರೆ. ಉರಿಯೂತವಿರುವೆಡೆ ನಾಳದ ಗೋಡೆ ಸಡಿಲವಾಗಿರುವುದರಿಂದ ದ್ರವ್ಯ ಹೊರಸೋರಿ ಆ ಭಾಗ ಹೊಳೆಯುತ್ತದೆ. ಈ ಹೊಳಪು ಸಾಮಾನ್ಯವಾಗಿ ಕೆಲವು ವಾರಗಳು ಮಾತ್ರ ಇರುತ್ತದೆ.

ಮಚ್ಚೆಗಳ ಸಂಖ್ಯೆಗೂ ರೋಗಿಯ ಕಷ್ಟಕ್ಕೂ ನೇರ ಸಂಬಂಧವಿಲ್ಲ. ಬೆನ್ನುಹುರಿಯ ಒಂದು ಸಣ್ಣ ಮಚ್ಚೆ ಕಾಲಿನ ಬಲವನ್ನು ಕುಂದಿಸಬಹುದು. ಮಿದುಳಿನ ಬೇರೊಂದೆಡೆಯ ದೊಡ್ಡ ಮಚ್ಚೆ ಯಾವ ಲಕ್ಷಣವನ್ನೂ ತೋರದಿರಬಹುದು. ಹೊಸ ಮಚ್ಚೆಗಳಲ್ಲಿ ಬಹುಪಾಲು ರೋಗಿಯ ಅರಿವಿಗೇ ಬಾರದೆ ಮೂಡುತ್ತವೆ. "ನಾನು ಚೆನ್ನಾಗಿಯೇ ಇದ್ದೇನೆ, ಮತ್ತೇಕೆ ಸ್ಕ್ಯಾನ್?" ಎನ್ನುವವರಿಗೆ ಇದೇ ಉತ್ತರ. ಹೊಸ ಮಚ್ಚೆ ಕಂಡರೆ, ಉರಿಯೂತವನ್ನು ತಡೆಯಲು ಈಗಿನ ಔಷಧ ಸಾಲದೇನೋ ಎಂದು ವೈದ್ಯರು ಪರಿಶೀಲಿಸುತ್ತಾರೆ. ಆದರೆ ಮಚ್ಚೆ ಹೆಚ್ಚದಿದ್ದರೂ ನಡಿಗೆ ನಿಧಾನವಾಗಿ ಕುಂದುವುದುಂಟು. ಅದನ್ನು ಚಿತ್ರವಲ್ಲ, ವೈದ್ಯರ ಪರೀಕ್ಷೆಯೇ ಹೇಳಬೇಕು.

ಬಿಳಿಯ ಮಚ್ಚೆಗಳೆಲ್ಲವೂ ಈ ರೋಗದವೂ ಅಲ್ಲ. ವಯಸ್ಸಾದವರಲ್ಲಿ, ರಕ್ತದೊತ್ತಡವಿರುವವರಲ್ಲಿ, ಮೈಗ್ರೇನ್ ತಲೆನೋವಿನವರಲ್ಲಿಯೂ ಅವು ಕಾಣುತ್ತವೆ. ವರದಿಯನ್ನು ತಾವೇ ಓದಿ ತೀರ್ಮಾನಿಸದೆ ನರರೋಗ ತಜ್ಞರಿಗೆ ತೋರಿಸಬೇಕು.

ಹಳೆಯ ಚಿತ್ರಗಳ ಸಿ.ಡಿ.ಯನ್ನು ಜೋಪಾನವಾಗಿಟ್ಟು ಪ್ರತಿ ಬಾರಿಯೂ ಕೊಂಡೊಯ್ಯಿರಿ. ಹೋಲಿಸಿ ನೋಡದೆ ಹೊಸದು ಯಾವುದೆಂದು ಹೇಳುವುದು ಕಷ್ಟ. ಮೂತ್ರಪಿಂಡದ ತೊಂದರೆಯಿದ್ದರೆ, ಗರ್ಭಿಣಿಯಾಗಿದ್ದರೆ, ಗ್ಯಾಡೋಲಿನಿಯಂ ಚುಚ್ಚುವ ಮೊದಲೇ ತಿಳಿಸಿರಿ.