ಲಗ್ನಪತ್ರಿಕೆಯ ಸೈನ್ಯ, ಟೀಪಾಯಿ ಮೇಲಿನ ಬಾದಾಮಿ

"ಲೇ ತಮ್ಮಾ, ಮೂವತ್ತ ವರ್ಷದಾಂವ ಆದಿ, ಇನ್ನೂ ಗೊಂಬಿ ಜೋಡಸ್ಕೋತ ಕುಂತಿಯಲ್ಲೋ!"

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಅಜ್ಜ ಹೀಗಂದಾಗ ನಾನು ಟೀಪಾಯಿ ಮೇಲೆ ಪಲ್ಲವರ ಆನೆಗಳನ್ನು ನಿಲ್ಲಿಸುತ್ತಿದ್ದೆ. ಇದಕ್ಕೆ ಮಿನಿಯೇಚರ್ ವಾರ್‌ಗೇಮ್ ಅಂತಾರೆ. ಚದುರಂಗದ ದೂರದ ಸಂಬಂಧಿ ಅನ್ನಿ. ಆದರೆ ಇಲ್ಲಿ ಮನೆಗಳಿಲ್ಲ, ಪುಟ್ಟ ಸೈನಿಕರನ್ನು ಸ್ಕೇಲಿನಿಂದ ಅಳೆದು ನಡೆಸಬೇಕು. ಜಗಳ ಬಿದ್ದರೆ ದಾಳ ತೀರ್ಮಾನಿಸುತ್ತದೆ. 'ಟೈಮ್ ಮಷೀನ್' ಬರೆದ ಎಚ್.ಜಿ. ವೆಲ್ಸ್‌ಗೂ ಈ ಹುಚ್ಚಿತ್ತು. 1913ರಲ್ಲಿ 'ಲಿಟಲ್ ವಾರ್ಸ್' ಅಂತ ಇದರ ನಿಯಮಗಳ ಪುಸ್ತಕವನ್ನೇ ಬರೆದ.

ನನಗೆ ಹಚ್ಚಿದವನು ಬೆಂಗಳೂರಿನ ಆಫೀಸಿನ ಗೆಳೆಯ. ವಿದೇಶಿ ಗೊಂಬೆಗಳ ಒಂದು ಡಬ್ಬಿಗೆ ಮೂರ್ನಾಲ್ಕು ಸಾವಿರ, ಬಣ್ಣ-ಬ್ರಷ್ಷು ಬೇರೆ. ಇಎಂಐ ನಡುವೆ ಎರಡು ಡಬ್ಬಿ ತಗೊಂಡೆ. ಎರಡು ವರ್ಷವಾದರೂ ಒಂದನ್ನೂ ಬಿಚ್ಚಲಿಲ್ಲ. ಚೆನ್ನಾಗಿ ಬಣ್ಣ ಹಚ್ಚೋಕೆ ಬರಲ್ಲ ಅನ್ನೋ ಅಂಜಿಕೆ, ನೋಡಿದಾಗೆಲ್ಲ ದುಡ್ಡಿನ ನೆನಪು. ಹವ್ಯಾಸ ಅನ್ನೋದು ಇನ್ನೊಂದು ಡೆಡ್‌ಲೈನ್ ಆಗಿಬಿಟ್ಟಿತ್ತು.

ಕೈ ಹಿಡಿದದ್ದು, ಆ ವಲಯದ ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಣ್ಣ ಆಟಗಳು. ನೀಲ್ ಥಾಮಸ್ ಅವರ 'ಒನ್ ಅವರ್ ವಾರ್‌ಗೇಮ್ಸ್'ನಲ್ಲಿ ಒಬ್ಬೊಬ್ಬರಿಗೆ ಬರೀ ಆರು ದಳ. 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ 'ಡಿಬಿಎ'ಗೆ ಹನ್ನೆರಡು ತುಕಡಿ, ಎರಡಡಿ ಜಾಗ, ಒಂದು ತಾಸು ಸಾಕು. ನನಗೆ ಇಷ್ಟವಾದದ್ದು ಡಿಬಿಎ. ಪ್ರತಿ ಸರದಿಗೆ ಒಂದು ದಾಳ ಎಸೆಯಬೇಕು. ಎಷ್ಟು ಬಿತ್ತೋ ಅಷ್ಟೇ ಅಪ್ಪಣೆ. ಒಂದು ಬಿದ್ದರೆ ಸೈನ್ಯವೆಲ್ಲ ಸಜ್ಜಾಗಿದ್ದರೂ ನೀವು ಕೈಕಟ್ಟಿ ಕೂರಬೇಕು. ಪ್ರಾಜೆಕ್ಟ್ ನಡೆಸಿದವರಿಗೆ ಇದು ಹೊಸ ಅನುಭವವೇನಲ್ಲ!

ಸೈನ್ಯಕ್ಕೆ ಖರ್ಚೂ ಇಲ್ಲ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ, ಪೆನ್ನಿಂದ ಸೈನಿಕರನ್ನು ಬರೆದೆ. ಭರ್ಚಿಗೆ ಕಸಬರಿಗಿ ಕಡ್ಡಿ. ನಿಲ್ಲಿಸೋಕೆ ಇಳಕಲ್ಲಿನ ಗೆಳೆಯ ಚೀಲ ತುಂಬ ಕೆಂಪು ಗ್ರಾನೈಟ್ ಚೂರು ಕೊಟ್ಟ, ಪುಕ್ಕಟೆ. ಒಡೆದ ಹೆಂಚು ಬಾದಾಮಿಯ ಗುಡ್ಡವಾಯಿತು, ನೀಲಿ ಕರವಸ್ತ್ರ ಅಗಸ್ತ್ಯ ಹೊಂಡವಾಯಿತು. ಒಟ್ಟು ಖರ್ಚು ಫೆವಿಕಾಲಿನದ್ದು, ದಾಳದ್ದು.

ಕದನವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಹೊಗಳಿಕೆ ಹುನಗುಂದ ಕಡೆಯ ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿದೆ. 634ರಲ್ಲಿ ರವಿಕೀರ್ತಿ ಬರೆದದ್ದು. ಅದಾಗಿ ಎಂಟು ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. 'ವಾತಾಪಿಕೊಂಡ' ಅಂತ ಬಿರುದೂ ಇಟ್ಟುಕೊಂಡ. ನನ್ನ ಟೀಪಾಯಿ ಮೇಲಿದ್ದದ್ದು ಅದೇ ವರ್ಷ.

ಅಜ್ಜ ಆಡಲು ಕೂತದ್ದು ಬೇಸರ ಕಳೆಯೋಕೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹಳೇ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಬಾಗಲಕೋಟೆಯಲ್ಲಿತ್ತು. ಅದರ ಕಟ್ಟೆಯ ಕಲ್ಲಿನಲ್ಲಿ ಹುಲಿ-ಕುರಿ ಆಟದ ಗೆರೆ ಕೊರೆದಿದ್ದರು. ಮೂರು ಹುಲಿ, ಹದಿನೈದು ಕುರಿ. ಸಂಜೆ ಆಯಿತೆಂದರೆ ಓಣಿಯ ಹಿರಿಯರೆಲ್ಲ ಅಲ್ಲೇ. ಪರಿಹಾರದ ಲೆಕ್ಕದಲ್ಲಿ ಮನೆ ಬಂತು, ಕಟ್ಟೆ ಬರಲಿಲ್ಲ. ಗೆಳೆಯರೂ ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದರು. ಆಮೇಲೆ ಅಜ್ಜ ಯಾವ ಆಟಕ್ಕೂ ಕೂತಿರಲಿಲ್ಲ.

"ನಾ ಪುಲಕೇಶಿ ಕಡೆ" ಅಂದರು. ನಿಯಮ ಹೇಳಿದೆ: ಇಬ್ಬರೂ ದಾಳ ಎಸೆದು ಬಲ ಕೂಡಿಸಬೇಕು, ಸೋತ ತುಕಡಿ ಹಿಂದೆ ಸರಿಯಬೇಕು. ಸರಿಯಬೇಕಾದಾಗ ಪಕ್ಕಕ್ಕೋ ಬೆನ್ನಿಗೋ ವೈರಿ ತಾಗಿ ನಿಂತಿದ್ದರೆ ಸತ್ತಂತೆ. ನಾಲ್ಕು ತುಕಡಿ ಹೋದವರು, ಎದುರಿನವರಿಗಿಂತ ಹೆಚ್ಚು ಕಳೆದುಕೊಂಡಿದ್ದರೆ, ಸೋತರು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ ಹುಲಿನ್ನ ಕಟ್ಟಿಹಾಕೋದ ಐತಿ."

ನನ್ನ ಆನೆ ನುಗ್ಗಿತು. ಅವರ ಕಾಲಾಳು ಹಿಂದೆ ಸರಿಯಿತು. ನಾನು ಖುಷಿಯಲ್ಲಿ ಮತ್ತೆ ನುಗ್ಗಿಸಿದೆ. ಅಷ್ಟರಲ್ಲಿ ಹೆಂಚಿನ ಗುಡ್ಡದ ಮರೆಯಿಂದ ಎರಡು ಸಣ್ಣ ತುಕಡಿ ಬಂದು ಆನೆಯ ಬೆನ್ನಿಗೆ ನಿಂತವು. ದಾಳ ಬಿತ್ತು, ಸೋತೆ. ಹಿಂದೆ ಸರಿಯಲು ಜಾಗವೇ ಇಲ್ಲ! ಅರ್ಧ ತಾಸಿನಲ್ಲಿ ನನ್ನ ಎರಡೂ ಆನೆ, ಎರಡು ಕುದುರೆ ತುಕಡಿ ಡಬ್ಬಿ ಸೇರಿದವು. ಅಜ್ಜ ಕಳೆದುಕೊಂಡದ್ದು ಒಂದೇ. ನರಸಿಂಹವರ್ಮ ಕಂಚಿಗೆ ವಾಪಸ್.

"ಇತಿಹಾಸದಾಗ ಪುಲಕೇಶಿ ಸೋತಾನಜ್ಜಾ" ಅಂದೆ.

"ಅವಂಗ ಹುಲಿ-ಕುರಿ ಬರತಿರಲಿಲ್ಲ ಬಿಡು."

ತಪ್ಪುಗಳೂ ಇವೆ. ನಿಯಮಗಳ ಇಂಗ್ಲಿಷ್ ಸಿಕ್ಕಾಪಟ್ಟೆ ಗಂಟು, ಮೊದಲ ವಾರ ನನಗೇ ತಲೆಗೆ ಹೋಗಲಿಲ್ಲ. ಹೊಸಬರು ಥಾಮಸ್ ಪುಸ್ತಕದಿಂದ ಶುರುಮಾಡುವುದು ಮೇಲು. ಫ್ಯಾನ್ ಹಾಕಿದರೆ ಕಾಗದದ ಸೈನ್ಯ ಹಾರುತ್ತದೆ, ನಮ್ಮ ಊರಿನ ಮೇ ತಿಂಗಳಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ಗ್ರಾನೈಟ್ ಚೂರಿನ ಅಂಚು ಕೈ ಕೊಯ್ಯುತ್ತದೆ, ಉಜ್ಜಿ ನಯ ಮಾಡಿಕೊಳ್ಳಿ.

ರಾತ್ರಿ ಊಟ ಆದಮೇಲೆ ಅಜ್ಜ ಯಾರಿಗೋ ಫೋನ್ ಹಚ್ಚಿದ್ದು ಕೇಳಿಸಿತು. "ಏ ದೋಸ್ತಾ, ರವಿವಾರ ನಮ್ಮನಿಗೆ ಬಾ. ಆನಿ, ಕುದರಿ ಎಲ್ಲಾ ಅದಾವು. ನಿನ್ನ ಹಳೇ ಹುಲಿ ಲೆಕ್ಕ ಬಾಕಿ ಐತಿ."

ರವಿವಾರ ನಾಲ್ಕು ಮಂದಿ ಬಂದರು. ನನಗೆ ಟೀಪಾಯಿ ಹತ್ತಿರ ಜಾಗ ಸಿಗಲಿಲ್ಲ, ಚಹಾ ಮಾಡೋ ಕೆಲಸ ಸಿಕ್ಕಿತು.