ಸರ್ವರ್ ವಲಸೆ ಮತ್ತು ಪಠ್ಯದ ಉಳಿವು

ಕ್ಲೌಡ್ ವ್ಯವಸ್ಥೆಯಲ್ಲಿ ಒಂದು ಭೌತಿಕ ಗಣಕಯಂತ್ರದೊಳಗೆ ತಂತ್ರಾಂಶದಿಂದ ರೂಪುಗೊಂಡ ಗಣಕವನ್ನು ‘ವರ್ಚುವಲ್ ಸರ್ವರ್’ ಎನ್ನಲಾಗುತ್ತದೆ. ಕೆಲಸ ನಿಲ್ಲಿಸದೆಯೇ ಅದನ್ನು ಬೇರೊಂದು ಯಂತ್ರಕ್ಕೆ ಸಾಗಿಸುವ ಕ್ರಮವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರೂ ಪಾಲ್ಗೊಂಡ 2005ರ ಪ್ರಬಂಧವೊಂದು ವಿವರಿಸಿತು. ಸ್ಮೃತಿಯ ಪುಟಗಳನ್ನು ಮೊದಲು ನಕಲಿಸಿ, ಆ ನಡುವೆ ಬದಲಾದವನ್ನಷ್ಟೇ ಮತ್ತೆ ಮತ್ತೆ ಕಳುಹಿಸಿ, ಕೊನೆಗೆ ಕ್ಷಣಕಾಲ ತಡೆದು ಉಳಿದುದನ್ನು ಒಯ್ಯಲಾಗುತ್ತದೆ. ಅಲ್ಲಿನ ಒಂದು ಪ್ರಯೋಗದಲ್ಲಿ ಈ ತಡೆ ಸುಮಾರು 60 ಮಿಲಿಸೆಕೆಂಡಿನಷ್ಟೇ ಇತ್ತು.

ಆದರೆ ವಲಸೆಯು ದತ್ತಾಂಶವನ್ನು ಇದ್ದಂತೆಯೇ ಒಯ್ಯುತ್ತದೆ, ಅದನ್ನು ತಿದ್ದುವುದಿಲ್ಲ. ಯೂನಿಕೋಡೇತರ ಫಾಂಟಿನಲ್ಲಿ ಬೆರಳಚ್ಚಾದ ಕನ್ನಡ ಪಠ್ಯವು ಆ ಫಾಂಟ್ ಇಲ್ಲದೆಡೆ ಹೊಸ ಸರ್ವರಿನಲ್ಲಿಯೂ ಓದಲಾಗದ ಚಿಹ್ನೆಗಳಾಗಿಯೇ ಉಳಿಯುತ್ತದೆ. ಆದುದರಿಂದ ಶಾಸನ, ಹಸ್ತಪ್ರತಿಗಳ ಪಠ್ಯಕೋಶವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ನೋಡಬೇಕು. ಇದು ತಂತ್ರಜ್ಞರಿಗಷ್ಟೇ ಬಿಡತಕ್ಕ ಕಾರ್ಯವಲ್ಲ. ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲ ಕನ್ನಡ ವಿದ್ವಾಂಸರ ಹೊಣೆಯೂ ಹೌದು.