ಬಿಸಿಲಿನ ತಳ್ಳಾಟಕ್ಕೆ ಬೆಂಗಳೂರಿನ ಹಾಯಿ

ಬೆಳ್ಳಂದೂರು ಕೆರೆಯಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ಹೋದರೆ ವಿಮಾನಪುರ. ಇಂದು ಯು.ಆರ್. ರಾವ್ ಅವರ ಹೆಸರು ಹೊತ್ತಿರುವ ಇಸ್ರೋದ ಉಪಗ್ರಹ ಕೇಂದ್ರ ಇರುವುದು ಅಲ್ಲೇ. 1992ರ ಜುಲೈನಲ್ಲಿ ಬಾನಿಗೇರಿದ ಇನ್ಸಾಟ್-2ಎ ಆ ಕೇಂದ್ರದ ಕೂಸು. ಅದರ ದಕ್ಷಿಣ ಬದಿಗೆ ಸೌರಫಲಕಗಳಿದ್ದವು. ಉತ್ತರ ಬದಿಗೆ, ಉದ್ದನೆಯ ಕಂಬದ ತುದಿಯಲ್ಲಿ, ಒಂದು ಹಾಯಿ.

ಗಾಳಿಯೇ ಇಲ್ಲದ ಕಡೆ ಹಾಯಿ ಏಕೆ? ಹವಾಮಾನ ಚಿತ್ರ ತೆಗೆಯುವ ಉಪಕರಣದ ಅವಗೆಂಪು ಸಂವೇದಕ ಸದಾ ತಣ್ಣಗಿರಬೇಕು. ಅದರ ಶಾಖವನ್ನು ಹೊರಚೆಲ್ಲುವ ಭಾಗ ಉತ್ತರದ ಕತ್ತಲ ಆಕಾಶಕ್ಕೆ ತೆರೆದುಕೊಂಡಿರಬೇಕಾದ್ದರಿಂದ ಆ ಬದಿಯಲ್ಲಿ ಬಿಸಿ ಫಲಕ ಇಡುವಂತಿಲ್ಲ. ಆದರೆ ಬಿಸಿಲು ದಕ್ಷಿಣದ ಫಲಕವನ್ನಷ್ಟೇ ತಳ್ಳುತ್ತಿದ್ದರೆ ಉಪಗ್ರಹ ನಿಧಾನವಾಗಿ ವಾಲತೊಡಗುತ್ತದೆ. ಹಾಯಿ ಆ ತಳ್ಳಾಟವನ್ನು ಸರಿದೂಗಿಸುತ್ತದೆ. ಅಮೆರಿಕದ ಕಂಪನಿ ಕಟ್ಟಿಕೊಟ್ಟಿದ್ದ ಇನ್ಸಾಟ್-1ಎಯ ಹಾಯಿ 1982ರಲ್ಲಿ ಬಿಚ್ಚಿಕೊಳ್ಳಲೇ ಇಲ್ಲ; ಅದೇ ಸೆಪ್ಟೆಂಬರ್‌ನಲ್ಲಿ ಉಪಗ್ರಹವನ್ನೇ ಕೈಬಿಡಬೇಕಾಯಿತು.

ಬೆಳಕಿಗೆ ದ್ರವ್ಯರಾಶಿ ಇಲ್ಲ, ಸಂವೇಗ ಇದೆ. ಕನ್ನಡಿಯಂಥ ಮೈಗೆ ಬಡಿದು ಹಿಂದಿರುಗುವಾಗ ಅದು ಇಮ್ಮಡಿ ನೂಕು ಕೊಡುತ್ತದೆ. ಭೂಮಿಯ ಬಳಿ ಒಂದು ಚದರ ಮೀಟರ್ ಕನ್ನಡಿಯ ಮೇಲೆ ಬಿಸಿಲು ಹಾಕುವ ಬಲ ಒಂದು ನ್ಯೂಟನ್ನಿನ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು ಮಾತ್ರ. ಆದರೂ ಅದು ದಣಿಯದ ಬಲ. 2010ರಲ್ಲಿ ಜಪಾನಿನ ಇಕಾರೋಸ್ ನೌಕೆ ಹದಿನಾಲ್ಕು ಮೀಟರ್ ಅಗಲದ ಹಾಯಿ ಬಿಚ್ಚಿ, ಇದೇ ಬಲದಿಂದ ಗ್ರಹಗಳ ನಡುವೆ ಸಾಗಿತು.

ನಕ್ಷತ್ರಗಳತ್ತ ಹೊರಟವರಿಗೆ ಬಿಸಿಲು ಸಾಲದು. ಸೂರ್ಯನಿಂದ ದೂರ ಇಮ್ಮಡಿಯಾದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಫಾರ್ವರ್ಡ್ ಲೇಸರ್‌ನ ಬಿಗಿಯಾದ ಕಿರಣದಿಂದ ಹಾಯಿಯನ್ನು ನೂಕುವ ಯೋಚನೆ ಮುಂದಿಟ್ಟರು. 2016ರ ಏಪ್ರಿಲ್‌ನಲ್ಲಿ ಯೂರಿ ಮಿಲ್ನರ್ ಮತ್ತು ಸ್ಟೀಫನ್ ಹಾಕಿಂಗ್ ಪ್ರಕಟಿಸಿದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆ ಅದನ್ನೇ ಕೆಲವೇ ಗ್ರಾಂ ತೂಕಕ್ಕೆ ಇಳಿಸಿತು: ಕೆಲವು ಮೀಟರ್ ಅಗಲದ ಹಾಯಿ, ನೆಲದಿಂದ 100 ಗಿಗಾವಾಟ್ ಲೇಸರ್. ಅಷ್ಟು ಶಕ್ತಿಯಿಂದ ಸಿಗುವ ನೂಕು ಸುಮಾರು 670 ನ್ಯೂಟನ್, ಅಂದರೆ ಒಬ್ಬ ಮನುಷ್ಯನ ತೂಕದಷ್ಟು. ಎರಡು ಗ್ರಾಂ ವಸ್ತುವಿಗೆ ಅದು ಅಗಾಧ. ಮೂರೇ ನಿಮಿಷದಲ್ಲಿ ಬೆಳಕಿನ ವೇಗದ ಐದನೇ ಒಂದು ಪಾಲು ದಕ್ಕುತ್ತದೆ.

ಕಷ್ಟ ಇರುವುದು ಆ ಮೂರು ನಿಮಿಷಗಳಲ್ಲೇ. ಬಿದ್ದ ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಹೀರಿದರೂ ಹಾಯಿಯೊಳಗೆ ಹತ್ತು ಲಕ್ಷ ವಾಟ್ ಶಾಖ ಸೇರುತ್ತದೆ. ಬೆಳಕಿನ ಕಿರಣ ದೂರ ಹೋದಂತೆ ಹರಡುವುದರಿಂದ, ಲಕ್ಷಾಂತರ ಕಿಲೋಮೀಟರ್ ಆಚೆಗೂ ಅದು ಹಾಯಿಯ ಅಗಲದೊಳಗೇ ನಿಲ್ಲಲು ಕಿಲೋಮೀಟರ್ ಅಗಲದ ಲೇಸರ್ ಬಯಲೇ ಬೇಕು. ಎಲ್ಲಕ್ಕಿಂತ ಸೂಕ್ಷ್ಮ ಸಂಗತಿ ಸಮತೋಲ. ಹಾಯಿ ಕೂದಲೆಳೆಯಷ್ಟು ಓರೆಯಾದರೂ ಬೆಳಕು ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಜಾರಿದರೆ ತಾನೇ ಕಿರಣದ ನಡುವಿಗೆ ಮರಳುವಂಥ ಆಕಾರವನ್ನು ಸಂಶೋಧಕರು ಹುಡುಕುತ್ತಿರುವುದು ಅದಕ್ಕೇ.

ಸ್ಟಾರ್‌ಶಾಟ್‌ನ ಗುರಿಯಾದ ಆಲ್ಫಾ ಸೆಂಟಾರಿ ಇರುವುದು 4.37 ಜ್ಯೋತಿರ್ವರ್ಷ ದೂರದಲ್ಲಿ. ಇಪ್ಪತ್ತು ವರ್ಷ ದಾಟಿ ಅಲ್ಲಿ ತಲುಪಿದ ಹಾಯಿಗೆ ಬ್ರೇಕ್ ಇರುವುದಿಲ್ಲ. ಭೂಮಿಗೂ ಸೂರ್ಯನಿಗೂ ನಡುವಿನಷ್ಟು ಅಂತರವನ್ನು ಅದು ಮುಕ್ಕಾಲು ಗಂಟೆಯೊಳಗೆ ದಾಟಿಬಿಡುತ್ತದೆ. ಚಿತ್ರ ತೆಗೆಯಲು ಸಿಗುವ ಬಿಡುವು ಅಷ್ಟು ಕಿರಿದು.